ಅಪಘಾತದ ಮರುಗಳಿಗೆ

ಚಕ್ರ ಹಿಡಿದಿದ್ದವನು ಹತ್ತೊಂಬತ್ತರ ಮಗ. ಪಕ್ಕದಲ್ಲಿ ಕುಳಿತಿದ್ದವರು ತಂದೆ. ಮಗನಿಗೆ ಲೈಸೆನ್ಸಿಲ್ಲ. ಮುಸ್ಸಂಜೆಯ ಮಬ್ಬಿನಲ್ಲಿ ಸೈಕಲ್ಲಿನ ಮೇಲಿದ್ದ ವೃದ್ಧನೊಬ್ಬ ಕಾರಿಗೆ ತಾಗಿ ಉರುಳಿದ. ಜನ ಸೇರುತ್ತಿದ್ದಾರೆ. “ನೀನು ಹಿಂದೆ ಹೋಗಿ ಕೂತ್ಕೋ. ನಾನೇ ಓಡಿಸ್ತಿದ್ದೆ ಅಂತ ಹೇಳ್ತೀನಿ.” ಇಂಥ ಮಾತು ಎಷ್ಟು ಕಾರುಗಳಲ್ಲಿ ಹೊರಟಿದೆಯೋ, ಲೆಕ್ಕವಿಟ್ಟವರಿಲ್ಲ. ಪಿತೃವಾತ್ಸಲ್ಯದಿಂದ ಹುಟ್ಟಿದ ಆ ಒಂದು ವಾಕ್ಯವೇ ಮುಂದೆ ಪೊಲೀಸು ವಿಚಾರಣೆಯನ್ನೂ ವಿಮೆಯ ವ್ಯವಹಾರವನ್ನೂ ಸಿಕ್ಕುಗಟ್ಟಿಸುವುದು.

ಆ ಗಳಿಗೆಯಲ್ಲಿ ಮಾಡತಕ್ಕದ್ದೇನೆಂಬುದನ್ನು 1988ರ ಮೋಟಾರು ವಾಹನ ಕಾಯಿದೆಯ 134ನೆಯ ಕಲಮು ಸ್ಪಷ್ಟವಾಗಿ ಹೇಳಿದೆ. ಮೊದಲು ಗಾಯಾಳುವನ್ನು ಹತ್ತಿರದ ವೈದ್ಯರ ಬಳಿಗೆ ಒಯ್ಯಬೇಕು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ತಡವೆಂದರೂ 24 ಗಂಟೆಗಳೊಳಗಾಗಿ, ಠಾಣೆಗೆ ತಿಳಿಸಬೇಕು. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. ಜನಸಮೂಹದ ರೋಷದಿಂದ ಗಾಯಾಳುವಿಗೆ ನೆರವಾಗುವುದು ಸಾಧ್ಯವಾಗದಿದ್ದರೆ ವಿನಾಯಿತಿಯುಂಟು. ಕಾಯಿದೆ ಬರೆದವರು ಈ ದೇಶದ ರಸ್ತೆಗಳನ್ನು ಕಣ್ಣಾರೆ ಕಂಡವರೇ ಇರಬೇಕು!

ಠಾಣೆಯ ಮೆಟ್ಟಿಲು ಹತ್ತಿದ ಗೃಹಸ್ಥನಿಗೆ ಗಂಟಲೊಣಗುವುದು ಸಹಜ. ಹೆಸರು, ಲೈಸೆನ್ಸು, ವಿಮಾಪತ್ರಗಳ ವಿವರವನ್ನು ಮರೆಮಾಚುವಂತಿಲ್ಲ. ಆದರೆ ಆರೋಪಿಯಾದವನನ್ನು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಬಲಾತ್ಕರಿಸಕೂಡದೆಂದು ಸಂವಿಧಾನದ 20ನೆಯ ಅನುಚ್ಛೇದ ಸಾರಿದೆ. ತನಿಖೆಯ ವೇಳೆ ಅಧಿಕಾರಿ ಬರೆದುಕೊಂಡ ಹೇಳಿಕೆಗೆ ರುಜು ಪಡೆಯುವಂತಿಲ್ಲವೆಂಬ ಹಳೆಯ ನಿಯಮ 2024ರ ಜುಲೈ 1ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಉಳಿದಿದೆ. ದೂರಿಗೆ ದೂರುದಾರನ ರುಜು, ಮಹಜರಿಗೆ ಪಂಚರ ರುಜು ಬೇಕಾಗುವುದು ಬೇರೆ ಮಾತು. ಖಾಲಿ ಹಾಳೆಗೆ ಮಾತ್ರ ಎಂದೂ ರುಜು ಹಾಕಬಾರದು. ವೇಗವೆಷ್ಟಿತ್ತೆಂದು ಕೇಳಿದಾಗ ಗೊತ್ತಿಲ್ಲದ ಅಂಕಿಯನ್ನು ಊಹಿಸಿ ಹೇಳುವುದೂ ಜಾಣತನವಲ್ಲ. ವಾಹನವನ್ನು ಪರೀಕ್ಷಿಸಿದ ಬಳಿಕ 24 ಗಂಟೆಗಳಲ್ಲಿ ಹಿಂದಿರುಗಿಸಬೇಕೆಂದು ಕಾಯಿದೆಯಲ್ಲಿದೆ. ಕೆಲವೆಡೆ ಆ ಗಂಟೆಗಳು ಬಹು ದೀರ್ಘವಾದವು.

ವಿಮಾಪತ್ರದ ಸಣ್ಣ ಅಕ್ಷರಗಳಲ್ಲಿ ಒಂದು ವಿಚಿತ್ರ ಷರತ್ತಿದೆ. ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ವಿಮೆದಾರನು ತಪ್ಪೊಪ್ಪಿಕೊಳ್ಳುವುದಾಗಲಿ, ಹಣದ ವಾಗ್ದಾನ ಮಾಡುವುದಾಗಲಿ ಸಲ್ಲದು. ರಸ್ತೆಬದಿಯಲ್ಲೇ ಐದು ಸಾವಿರ ಕೈಗಿತ್ತು “ರಾಜಿಯಾಯಿತು” ಎಂದು ಚೀಟಿ ಬರೆಸಿಕೊಳ್ಳುವವರು ಈ ಷರತ್ತನ್ನು ಓದಿರುವುದಿಲ್ಲ. ಮರುದಿನ ಮುರಿದ ಸೊಂಟದ ಕ್ಷಕಿರಣ ಚಿತ್ರ ಬಂದಾಗ ಆ ಚೀಟಿ ಇಬ್ಬರನ್ನೂ ಕಾಯದು. ಹಾಗೆಂದು ಗಾಯಾಳುವನ್ನು ಆಸ್ಪತ್ರೆಗೆ ಒಯ್ಯಲು ಹಿಂಜರಿಯಬೇಕಿಲ್ಲ. ಅದು ತಪ್ಪೊಪ್ಪಿಗೆಯಲ್ಲ, ಕರ್ತವ್ಯ.

ಮತ್ತೆ ಆ ತಂದೆಯ ಪ್ರಸಂಗಕ್ಕೆ ಬರೋಣ. ನಿಜ ಹೇಳಿದರೆ ನಷ್ಟವುಂಟು. ಲೈಸೆನ್ಸಿಲ್ಲದವನ ಕೈಗೆ ಕಾರು ಕೊಟ್ಟುದಕ್ಕೆ ಮಾಲಿಕನಿಗೂ ದಂಡನೆ. ಸ್ವಂತ ಕಾರಿನ ದುರಸ್ತಿಗೆ ವಿಮೆಯ ಆಸೆಯನ್ನು ಬಿಡಬೇಕು. ವೃದ್ಧನಿಗೆ ಸಲ್ಲಬೇಕಾದ ಪರಿಹಾರದ ದಾರಿ ಬೇರೆ. ಕಂಪನಿಯು ಮೊದಲು ಗಾಯಾಳುವಿಗೆ ಹಣ ತೆತ್ತು ಅನಂತರ ಮಾಲಿಕನಿಂದ ವಸೂಲು ಮಾಡಿಕೊಳ್ಳುವಂತೆ ಆದೇಶಿಸಬಹುದೆಂದು ಸುಪ್ರೀಂ ಕೋರ್ಟು 2004ರ ತೀರ್ಪೊಂದರಲ್ಲಿ ಹೇಳಿತು. ಸುಳ್ಳು ಹೇಳಿದರೋ, ಠಾಣೆಯ ಕಾಗದದಲ್ಲಿ ಒಬ್ಬ ಚಾಲಕ, ಆಸ್ಪತ್ರೆಯ ದಾಖಲೆಯಲ್ಲಿ ಇನ್ನೊಬ್ಬ. ಆ ವ್ಯತ್ಯಾಸ ಬಿಡಿಸುವಷ್ಟರಲ್ಲಿ ನ್ಯಾಯಮಂಡಲಿಯ ವಾಯಿದೆಗಳು ಉರುಳುತ್ತವೆ. ಕಾಯುವವನು ದುಡಿಮೆ ನಿಂತ ವೃದ್ಧ.

ತಂದೆ ಆ ಸಂಜೆ ತಾವೇ ಓಡಿಸುತ್ತಿದ್ದುದಾಗಿ ಬರೆಸಿದರು. ಮರುದಿನ ಹೆಡ್ ಕಾನ್‌ಸ್ಟೇಬಲ್ ಆಸ್ಪತ್ರೆಗೆ ಹೋಗಿ ವೃದ್ಧನನ್ನು ವಿಚಾರಿಸಿದರು. ಅವನಿಗೆ ಹೆಚ್ಚೇನೂ ನೆನಪಿರಲಿಲ್ಲ. “ಚಕ್ರ ಹಿಡಿದಿದ್ದೋನು ಹುಡುಗ, ಸ್ವಾಮಿ. ಮೀಸೇನೂ ಸರಿಯಾಗಿ ಮೂಡಿರಲಿಲ್ಲ,” ಎಂದ.