ಗುಲಗಂಜಿ ತೂಕದ ಮದ್ದು

ಶಿಕಾರಿ ಸೀಸನ್‌ಗೆ ಇನ್ನೂ ಆರು ವಾರ. ಕ್ಯಾಲಿಫೋರ್ನಿಯಾದ ಓರೊವಿಲ್‌ನ ಒಂದು ಗ್ಯಾರೇಜಿನಲ್ಲಿ ತೋಟಾಗಳು ಒಂದೊಂದಾಗಿ ತಯಾರಾಗುತ್ತಿವೆ

ಬೀಗರು ಒಂದು ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಬಿಡಿಸಿ, ತುದಿಯನ್ನಷ್ಟೇ ಕೊಕ್ಕೆಯ ಹಾಗೆ ಬಗ್ಗಿಸಿಕೊಂಡರು. ಅದನ್ನು ತೋಟಾದ ಹಿತ್ತಾಳೆಯ ಖಾಲಿ ಕೇಸಿನೊಳಗೆ ತಳದವರೆಗೆ ಇಳಿಸಿ, ಒಳಗೋಡೆಗೆ ತಾಗಿಸುತ್ತಾ ಮೆಲ್ಲಗೆ ಮೇಲಕ್ಕೆ ಎಳೆದರು. ಕಣ್ಣು ಮುಚ್ಚಿಕೊಂಡಿದ್ದರು. ಒಂದಾದ ಮೇಲೆ ಒಂದು, ಇಪ್ಪತ್ತು ಕೇಸು ಹೀಗೇ ಆಯಿತು. ಇಪ್ಪತ್ತೊಂದನೆಯದಕ್ಕೆ ಕೈ ನಿಂತಿತು. ‘ನೀವೂ ನೋಡಿ’ ಎಂದು ನನ್ನ ಕೈಗಿತ್ತರು. ಹೊರಗಿನಿಂದ ಏನೂ ಕಾಣದು. ಕೊಕ್ಕೆ ಎಳೆದರೆ ಮಾತ್ರ ತಳದಿಂದ ಒಂಚೂರು ಮೇಲೆ, ಉಗುರಿಗೆ ನೂಲು ಸಿಕ್ಕಿದ ಹಾಗೆ, ಸಣ್ಣಗೆ ತಡೆಯುತ್ತಿತ್ತು.

ಆ ತಡೆಯೇ ಅಪಾಯದ ಗುರುತು. ಪ್ರತಿ ಸಲ ಹೊಡೆದಾಗಲೂ ಹಿತ್ತಾಳೆ ಹಿಗ್ಗುತ್ತದೆ, ಮತ್ತೆ ಒತ್ತಿ ಅಳತೆಗೆ ತಂದಾಗ ಕುಗ್ಗುತ್ತದೆ. ಹೀಗೆ ಹಿಗ್ಗಿ ಕುಗ್ಗಿ ಒಂದು ಕಡೆ ಒಳಗಿನಿಂದ ತೆಳ್ಳಗಾಗಿ ಉಂಗುರದಂಥ ಗೀರು ಬೀಳುತ್ತದೆ. ಇನ್ನೊಂದು ಸಲ ಹೊಡೆದರೆ ಅಲ್ಲಿಗೇ ತುಂಡಾಗಿ, ಬೆಂಕಿಯಂಥ ಅನಿಲ ಹೊಡೆಯುವವನ ಮುಖದ ಕಡೆಗೇ ನುಗ್ಗಬಹುದು. ಹಾಗಾಗಿ ಇಪ್ಪತ್ತೊಂದನೆಯ ಕೇಸು ಪಕ್ಕಕ್ಕೆ ಹೋಯಿತು.

ಬೀಗರು ಎಂದರೆ ನನ್ನ ಅಕ್ಕನ ಮಗಳ ಮಾವನವರು. ಹುಡುಗಿ ಸ್ಯಾಕ್ರಮೆಂಟೊದಲ್ಲಿ ಕೆಲಸಕ್ಕಿದ್ದಾಗ ಅಲ್ಲಿಯ ಹುಡುಗನನ್ನೇ ಮದುವೆಯಾದಳು. ಅವನ ಅಪ್ಪ ಹೈಸ್ಕೂಲಿನಲ್ಲಿ ಮರಗೆಲಸ ಕಲಿಸುತ್ತಿದ್ದವರು, ಈಗ ನಿವೃತ್ತರು. ‘ಬೀಗರು’ ಎಂಬ ಪದವನ್ನು ನಾನೇ ಕಲಿಸಿದ್ದು. ಹಾಗೆ ಕರೆದರೆ ಓಗೊಡುತ್ತಾರೆ, ನನ್ನನ್ನೂ ಹಾಗೇ ಕರೆಯುತ್ತಾರೆ. ಆಗಸ್ಟಿನಲ್ಲಿ ನಾನು ಅವರ ಮನೆಗೆ ಹೋದಾಗ ನದಿ, ಅಣೆಕಟ್ಟು ತೋರಿಸುತ್ತಾರೆ ಅಂದುಕೊಂಡಿದ್ದೆ. ಫೆದರ್ ನದಿಯ ಆ ಅಣೆಕಟ್ಟು 770 ಅಡಿ ಎತ್ತರ, ಅಮೆರಿಕದಲ್ಲೇ ಅದರಷ್ಟು ಎತ್ತರದ್ದು ಇನ್ನೊಂದಿಲ್ಲ. ತೋರಿಸಿದರು, ಕಾರಿನ ಕಿಟಕಿಯಿಂದ. ಉಳಿದ ನಾಲ್ಕು ದಿನ ಗ್ಯಾರೇಜಿನಲ್ಲೇ ಕಳೆಯಿತು.

ಅಜ್ಜನ ನಾಲ್ಕು ಬೆರಳು

ಕೈಯಾರೆ ತೋಟಾ ತುಂಬುವುದು ನನಗೆ ಪೂರ್ತಿ ಹೊಸದೇನಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಜ್ಜನ ಕೇಪಿನ ಕೋವಿಯೊಂದಿತ್ತು, ಬೆಳೆ ರಕ್ಷಣೆಯ ಲೈಸೆನ್ಸಿನದು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು. ಹಂದಿಗಳಿಗೆ ನೀತಿಸಂಹಿತೆ ಯಾರು ಓದಿ ಹೇಳುತ್ತಾರೆ ಎಂದು ಅಜ್ಜ ಪ್ರತಿ ಸಲವೂ ಗೊಣಗುತ್ತಿದ್ದ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಚರೆ ಹಾಕಿ, ಮೇಲೆ ಮತ್ತೆ ನಾರು. ಗಜ ಎಷ್ಟು ಬೆರಳು ಹೊರಗೆ ನಿಂತಿತು ಎನ್ನುವುದೇ ಅಳತೆ: ನಾಲ್ಕು ಬೆರಳಿನ ಈಡು, ಐದು ಬೆರಳಿನ ಈಡು. ಯಾರ ಬೆರಳು ಎಂದು ಯಾರೂ ಕೇಳುತ್ತಿರಲಿಲ್ಲ.

ಬೀಗರ ಲೆಕ್ಕ ನಡೆಯುವುದು ಗ್ರೇನ್‌ನಲ್ಲಿ. ಒಂದು ಪೌಂಡಿಗೆ 7000 ಗ್ರೇನ್, ಅಂದರೆ ಒಂದು ಗ್ರೇನಿಗೆ 64.8 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ಇದರ ಹೆಚ್ಚುಕಡಿಮೆ ಎರಡರಷ್ಟು. ಅವರ ರೈಫಲ್ಲಿನ 150 ಗ್ರೇನಿನ ಗುಂಡಿಗೆ ಎಂಬತ್ತು ಗುಲಗಂಜಿ ತೂಗಬಹುದು. ಮದ್ದಿನ ವಿಷಯಕ್ಕೆ ಬಂದರೆ ಬೀಗರು ಗ್ರೇನಿನ ಹತ್ತನೇ ಒಂದು ಪಾಲಿಗೂ ತಲೆ ಕೆಡಿಸಿಕೊಳ್ಳುತ್ತಾರೆ. ಒಂದು ಗುಲಗಂಜಿಯನ್ನು ಹತ್ತೊಂಬತ್ತು ಚೂರು ಮಾಡಿದರೆ ಸಿಗುವ ಒಂದು ಚೂರು ಅದು. ಅಜ್ಜ ಕೇಳಿದ್ದರೆ ನಕ್ಕುಬಿಡುತ್ತಿದ್ದ. ಆದರೆ ಅಜ್ಜನ ಹಂದಿ ಇಪ್ಪತ್ತು ಮಾರು ದೂರದಲ್ಲಿರುತ್ತಿತ್ತು, ಚರೆ ಹರಡಿಕೊಂಡು ಹೋಗುತ್ತಿತ್ತು. ಇಲ್ಲಿ ಜಿಂಕೆ ಎದುರಿನ ಗುಡ್ಡದ ಮೇಲೆ, ಹೊಡೆಯುವುದು ಒಂದೇ ಗುಂಡು.

ಈ ಹವ್ಯಾಸಕ್ಕೂ ಓರೊವಿಲ್ ಊರಿಗೂ ಹಳೆಯ ನಂಟು. ತೋಟಾ ತುಂಬುವವರ ಮೇಜುಗಳ ಮೇಲೆ ಇವತ್ತಿಗೂ ಕಾಣುವ ಹಸಿರು ಬಣ್ಣದ ಪ್ರೆಸ್‌ಗಳ ಕಂಪನಿ ಆರ್‌ಸಿಬಿಎಸ್ ಹುಟ್ಟಿದ್ದು ಇಲ್ಲೇ, 1943ರಲ್ಲಿ, ಒಂದು ಲಾಂಡ್ರಿಯ ಹಿಂಬದಿಯಲ್ಲಿ. ಲಾಂಡ್ರಿ ಅಪ್ಪನದು, ಹಿಂದೆ ಕೂತು ಅಚ್ಚು ಕೊರೆಯುತ್ತಿದ್ದವನು ಮಗ ಫ್ರೆಡ್ ಹಂಟಿಂಗ್ಟನ್. ಯುದ್ಧಕಾಲ, ಅಂಗಡಿಯಲ್ಲಿ ಒಳ್ಳೆಯ ಗುಂಡು ಸಿಗುತ್ತಿರಲಿಲ್ಲ. ರಾಕ್ ಚಕ್ ಎಂದು ಕರೆಯುವ, ಬಿಲ ತೋಡುವ ದಪ್ಪ ಅಳಿಲಿನ ಜಾತಿಯ ಪ್ರಾಣಿಗೆ ಹೊಡೆಯುವ ಗುಂಡನ್ನು ಒತ್ತುವ ಅಚ್ಚು ಅವನು ಮಾಡಿದ್ದು. ಕಂಪನಿಯ ಹೆಸರಿನ ನಾಲ್ಕಕ್ಷರದಲ್ಲಿ ಆ ಅಳಿಲು ಇನ್ನೂ ಕೂತಿದೆ: ರಾಕ್ ಚಕ್ ಬುಲೆಟ್ ಸ್ವೇಜ್. ಯುದ್ಧ ಮುಗಿದದ್ದೇ ಕಾನ್ಸಾಸ್‌ನಲ್ಲಿ ಬ್ರೂಸ್ ಹಾಜ್‌ಡನ್ ಸರಕಾರದ ಬಳಿ ಮಿಕ್ಕ ಮದ್ದನ್ನು ಕೊಂಡು ಅಂಚೆಯಲ್ಲಿ ಮಾರತೊಡಗಿದ. 1949ರಲ್ಲಿ ನೆಬ್ರಾಸ್ಕಾದಲ್ಲಿ ಜಾಯ್ಸ್ ಹಾರ್ನಡಿ ಗುಂಡಿನ ಕಂಪನಿ ತೆರೆದ. (ಜಾಯ್ಸ್ ಎಂದರೆ ಹೆಂಗಸಲ್ಲ, ಗಂಡಸೇ. ನಾನೂ ಮೋಸ ಹೋಗಿದ್ದೆ.)

ಇನ್ನೊಂದು ತಮಾಷೆಯೂ ಉಂಟು. ತೋಟಾದ ತಳದಲ್ಲಿ ಕೂರುವ ಪ್ರೈಮರ್ ಎಂದರೆ ಅಜ್ಜನ ಕೋವಿಯ ಕೇಪೇ, ಇಲ್ಲಿ ಒಳಗೆ ಸೇರಿಕೊಂಡಿದೆ ಅಷ್ಟೆ. 1860ರ ದಶಕದಲ್ಲಿ ಅದರ ಎರಡು ವಿನ್ಯಾಸಗಳು ಬಂದವು. ಒಂದು ಅಮೆರಿಕದ ಹೈರಮ್ ಬರ್ಡನ್ ಮಾಡಿದ್ದು, ಇನ್ನೊಂದು ಬ್ರಿಟಿಷ್ ಸೇನೆಯ ಎಡ್ವರ್ಡ್ ಬಾಕ್ಸರ್ ಮಾಡಿದ್ದು. ಅಮೆರಿಕದವನದು ಯುರೋಪಿನಲ್ಲಿ ನೆಲೆಯಾಯಿತು, ಬ್ರಿಟಿಷನದು ಅಮೆರಿಕಕ್ಕೆ ಸೊಸೆಯಾಗಿ ಬಂತು. ಬಾಕ್ಸರನ ಕೇಸಿನಲ್ಲಿ ಕಿಡಿ ದಾಟಲು ನಟ್ಟನಡುವೆ ಒಂದೇ ತೂತು. ಒಂದು ಕಡ್ಡಿ ಇಳಿಸಿ ದೂಡಿದರೆ ಸುಟ್ಟ ಪ್ರೈಮರ್ ಹೊರಗೆ ಬೀಳುತ್ತದೆ. ಬರ್ಡನ್‌ನದರಲ್ಲಿ ನಡುವೆ ತೂತೇ ಇಲ್ಲ, ಆಚೀಚೆ ಎರಡು ಸಣ್ಣವು, ಅಲ್ಲಿ ಕಡ್ಡಿ ನಡೆಯದು. ಅಮೆರಿಕದ ಮನೆಮನೆಯ ಗ್ಯಾರೇಜಿನಲ್ಲಿ ಈ ಕಸುಬು ಬೇರೂರಿದ್ದಕ್ಕೆ ಆ ಒಂದು ತೂತಿನ ಪಾಲೂ ಇದೆ.

ಮೇಜಿನ ಮೇಲೆ ಒಂದೇ ಡಬ್ಬಿ

ಮದ್ದು ಎಂದರೆ ಕಪ್ಪು ಪುಡಿ ಎಂದು ಭಾವಿಸಿದ್ದೆ. ಇದು ಪುಡಿಯಲ್ಲ, ಸಣ್ಣ ಸಣ್ಣ ಕಡ್ಡಿ. ಪೆನ್ಸಿಲ್ಲಿನ ಮುಳ್ಳನ್ನು ಚೂರು ಚೂರು ಕತ್ತರಿಸಿದ ಹಾಗೆ ಬೂದುಬಣ್ಣ, ಮಂದ ಹೊಳಪು. ಮೇಜಿನ ಮೇಲೆ ಮದ್ದಿನ ಡಬ್ಬಿ ಒಂದೇ ಇರಬೇಕು, ಉಳಿದವು ಬೀರುವಿನಲ್ಲಿ, ಇದು ಬೀಗರ ಮೊದಲ ಕಟ್ಟಳೆ. ನೋಡಲು ಎಲ್ಲವೂ ಅಕ್ಕತಂಗಿಯರಂತಿದ್ದರೂ ಒಂದು ನಿಧಾನ ಉರಿಯುವುದು, ಇನ್ನೊಂದು ಗಡಬಡಿಸುವುದು. ಅದಲುಬದಲಾದರೆ ಕೋವಿಯೇ ಸಿಡಿಯಬಹುದು. ಎರಡನೆಯ ಕಟ್ಟಳೆ: ಕೆಲಸದ ಹೊತ್ತಿಗೆ ರೇಡಿಯೊ ಇಲ್ಲ, ಫೋನ್ ಇಲ್ಲ, ಬೀಗಿತ್ತಿಯೂ ಬಾಗಿಲ ಬಳಿ ಬಂದು ಮಾತಾಡಿಸುವಂತಿಲ್ಲ. ನನಗೆ ಅಪ್ಪಣೆ ಸಿಕ್ಕಿದ್ದು ಸುಮ್ಮನೆ ಸ್ಟೂಲಿನ ಮೇಲೆ ಕೂತಿರುವ ಷರತ್ತಿನ ಮೇಲೆ.

ತಕ್ಕಡಿಯ ಪುಟ್ಟ ತಟ್ಟೆಗೆ ಮದ್ದು ಸುರಿದರು. ಮುಳ್ಳು ತೂಗಾಡಿ ನಿಲ್ಲುವವರೆಗೂ ಕಾದರು. ಚಿಮುಟದಿಂದ ಎರಡು ಕಡ್ಡಿ ತೆಗೆದರು, ಒಂದು ವಾಪಸ್ ಹಾಕಿದರು. ಐವತ್ತು ಕೇಸಿಗೂ ಹೀಗೇ. ಎಲ್ಲ ಮುಗಿದ ಮೇಲೆ ಕೇಸುಗಳ ಮರದ ಹಲಗೆಯ ಮೇಲೆ ಟಾರ್ಚ್ ಹಿಡಿದು, ಒಂದೊಂದರ ಬಾಯೊಳಗೂ ಇಣುಕಿ ಮದ್ದಿನ ಮಟ್ಟ ಒಂದೇ ಇದೆಯೇ ನೋಡಿದರು. ಕೈತಪ್ಪಿ ಒಂದಕ್ಕೆ ಎರಡು ಸಲ ಸುರಿದಿದ್ದರೆ, ಅಥವಾ ಒಂದು ಖಾಲಿಯೇ ಉಳಿದಿದ್ದರೆ, ಸಿಕ್ಕಿಬೀಳುವುದು ಇಲ್ಲಿಯೇ. ಖಾಲಿಯದ್ದರಿಂದ ಏನಪ್ಪ ತೊಂದರೆ ಅನ್ನಿಸಬಹುದು. ಪ್ರೈಮರಿನ ಬಲದಿಂದಲೇ ಗುಂಡು ನಳಿಗೆಯ ಒಳಗೆ ನಾಲ್ಕು ಬೆರಳು ಸರಿದು ಸಿಕ್ಕಿಕೊಂಡಿರುತ್ತದೆ. ಅದರ ಹಿಂದೆ ಇನ್ನೊಂದು ಹೊಡೆದರೆ ಮುಗಿಯಿತು.

ತೂಕದ ಅಂಕಿಗಳನ್ನು ನಾನು ಬರೆದುಕೊಳ್ಳಲಿಲ್ಲ, ಇಲ್ಲಿ ಕೊಡುವುದೂ ಇಲ್ಲ. ಅದು ಅಚ್ಚಾದ ಕೈಪಿಡಿ ನೋಡಿ, ಕನಿಷ್ಠದಿಂದ ಶುರುಮಾಡಿ, ಪ್ರೈಮರ್ ಚಪ್ಪಟೆಯಾಯಿತೇ, ಬೋಲ್ಟ್ ಎತ್ತಲು ಬಿಗಿಯಾಯಿತೇ ಎಂದು ನೋಡುತ್ತಾ ಅರ್ಧರ್ಧ ಹೆಜ್ಜೆ ಮೇಲೇರುವ ಕೆಲಸ. ನಮ್ಮಲ್ಲಂತೂ ಲೈಸೆನ್ಸಿಲ್ಲದೆ ತೋಟಾ ತಯಾರಿಸುವುದು ಅಪರಾಧ, ಬೇಟೆಯ ಬಾಗಿಲನ್ನು 1972ರ ವನ್ಯಜೀವಿ ಕಾಯ್ದೆ ಮುಚ್ಚಿದೆ. ಈ ಕಥೆಗೆ ಆ ನೆಲವೇ ಸರಿ.

ದುಡ್ಡು ಉಳಿಯುತ್ತದೆಯೇ ಎಂದು ಕೇಳಿದೆ. ಬೀಗಿತ್ತಿ ಅಡುಗೆಮನೆಯಿಂದಲೇ ನಕ್ಕರು. ಕೋವಿಡ್ ಕಾಲದಲ್ಲಿ ಪ್ರೈಮರ್ ಎಲ್ಲೂ ಸಿಗದೆ, ಸಿಕ್ಕಲ್ಲಿ ದುಪ್ಪಟ್ಟು ಮುಪ್ಪಟ್ಟು ಬೆಲೆ ಕೊಟ್ಟು ತಂದ ಲೆಕ್ಕ ಅವರ ಬಳಿ ಇತ್ತು.

ರಣಹದ್ದಿನ ಕಾರಣಕ್ಕೆ

ಬೀಗರು ನಲವತ್ತು ವರ್ಷ ಒಂದೇ ಬಗೆಯ ತೋಟಾ ತುಂಬಿದವರು. ಸೀಸದ ತಿರುಳು, ತಾಮ್ರದ ಹೊದಿಕೆ. ಆ ಪಾಠವನ್ನೆಲ್ಲ ಮರೆತು ಮತ್ತೆ ಒಂದನೇ ಕ್ಲಾಸಿಗೆ ಕೂರುವಂತೆ ಮಾಡಿದ್ದು ಕಾಂಡೋರ್ ಎಂಬ ಹಕ್ಕಿ, ಒಂಬತ್ತೂವರೆ ಅಡಿ ರೆಕ್ಕೆಯಗಲದ ಕ್ಯಾಲಿಫೋರ್ನಿಯಾದ ರಣಹದ್ದು. 1982ರಲ್ಲಿ ಇಡೀ ಪ್ರಪಂಚದಲ್ಲಿ ಉಳಿದಿದ್ದು 22. ಕಾಡಿನಲ್ಲಿದ್ದ ಕೊನೆಯದನ್ನೂ 1987ರಲ್ಲಿ ಹಿಡಿದು ತಂದು ಪಂಜರದಲ್ಲಿ ಸಂತಾನ ಬೆಳೆಸಿದರು, 1992ರಿಂದ ಮತ್ತೆ ಕಾಡಿಗೆ ಬಿಟ್ಟರು. ಬಿಟ್ಟ ಹಕ್ಕಿಗಳು ಸಾಯತೊಡಗಿದವು. ಸೀಸದ ಗುಂಡು ಪ್ರಾಣಿಗೆ ತಾಗಿದಾಗ ನೂರಾರು ಚೂರಾಗುತ್ತದೆ, ಬೇಟೆಗಾರ ಕಾಡಿನಲ್ಲೇ ಬಿಟ್ಟುಬರುವ ಕರುಳು-ಕಸದಲ್ಲಿ ಆ ಚೂರುಗಳಿರುತ್ತವೆ, ಹದ್ದು ಅದನ್ನು ತಿನ್ನುತ್ತದೆ. 2008ರಲ್ಲಿ ಹದ್ದುಗಳಿರುವ ಪ್ರದೇಶಕ್ಕೆ, 2019ರ ಜುಲೈ 1ರಿಂದ ಇಡೀ ರಾಜ್ಯಕ್ಕೆ, ಬೇಟೆಯಲ್ಲಿ ಸೀಸದ ಗುಂಡು ನಿಷೇಧವಾಯಿತು.

ನಮ್ಮ ರಣಹದ್ದುಗಳನ್ನು ತಿಂದುಹಾಕಿದ್ದು ದನಕ್ಕೆ ಕೊಡುತ್ತಿದ್ದ ಡೈಕ್ಲೊಫೆನಾಕ್. 2006ರಲ್ಲಿ ಪಶುವೈದ್ಯದಲ್ಲಿ ಅದರ ಬಳಕೆ ನಿಲ್ಲಿಸುವ ಹೊತ್ತಿಗೆ ಹದ್ದುಗಳೇ ಮುಗಿಯುತ್ತ ಬಂದಿದ್ದವು. ಹದ್ದುಗಳ ನೆಲೆಯಾದ ರಾಮನಗರದ ಬಂಡೆಗಳ ಕಥೆ ಹೇಳಿದೆ. ಬೀಗರು ಸುಮ್ಮನೆ ಕೇಳಿದರು. ‘ಮೊದಲೆರಡು ವರ್ಷ ನಾನೂ ಬೈದೆ. ಆಮೇಲೆ ಎಕ್ಸ್-ರೇ ಚಿತ್ರ ನೋಡಿದೆ. ಗುಂಡು ತಾಗಿದ ಜಾಗದಿಂದ ಇಷ್ಟು ದೂರದ ಮಾಂಸದಲ್ಲೂ ಸೀಸದ ಚೂರು’ ಎಂದು ಎರಡೂ ಕೈ ಅಗಲಿಸಿದರು. ‘ಅದನ್ನು ನಾನು ಮೊಮ್ಮಗಳಿಗೆ ತಿನ್ನಿಸುತ್ತಿದ್ದೆ.’

ತಾಮ್ರ ಸೀಸಕ್ಕಿಂತ ಹಗುರ. ಅದೇ 150 ಗ್ರೇನ್ ತೂಗಬೇಕಾದರೆ ಗುಂಡು ಉದ್ದವಾಗಲೇಬೇಕು. ಉದ್ದವಾದರೆ ಕೇಸಿನೊಳಗೆ ಹೆಚ್ಚು ಜಾಗ ತಿನ್ನುತ್ತದೆ, ನಳಿಗೆಯ ಒಳಗೀರುಗಳಿಂದ ಎಷ್ಟು ದೂರ ಕೂರಬೇಕು ಎಂಬ ಲೆಕ್ಕ ತಪ್ಪುತ್ತದೆ. ಹಳೆಯ ನೋಟುಬುಕ್ಕಿನ ಒಂದು ಸಾಲೂ ಇದಕ್ಕೆ ಹೊಂದದು. ಗುಂಡು ಕೂರುವ ಆಳವನ್ನು ಕೂದಲೆಳೆಯಷ್ಟು ಬದಲಿಸಿ, ಐದೈದು ತೋಟಾಗಳ ಗುಂಪು ಮಾಡಿ, ಕೇಸಿನ ಮೇಲೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದರು: ಕೆಂಪು, ನೀಲಿ, ಹಸಿರು, ಕಪ್ಪು.

ಊಟದ ತಟ್ಟೆ

ಓರೊವಿಲ್‌ನ ಆಗಸ್ಟ್ ಎಂದರೆ ರಾಯಚೂರಿನ ಏಪ್ರಿಲ್. ಬೆಳಗ್ಗೆ ಆರಕ್ಕೇ ಶೂಟಿಂಗ್ ರೇಂಜಿಗೆ ಹೊರಟೆವು. ನೂರು ಗಜ, ಅಂದರೆ 91 ಮೀಟರ್ ಆಚೆ ಕಾಗದದ ಗುರಿ. ಮೇಜಿನ ಮೇಲೆ ಮರಳುಚೀಲ, ಅದರ ಮೇಲೆ ರೈಫಲ್. ಇದು ಥರ್ಟಿ-ಆಟ್-ಸಿಕ್ಸ್, 1906ರಲ್ಲಿ ಅಮೆರಿಕದ ಸೇನೆಗೆಂದು ಬಂದ ಅಳತೆ. ಕೋವಿ ಚೆನ್ನಾಗಿದೆ ಎನ್ನಲು ಅವರ ಮಾನದಂಡ ‘ಮಿನಿಟ್’: ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು. ಅದು ನೂರು ಗಜಕ್ಕೆ ಒಂದಿಂಚಿಗಿಂತ ಕೂದಲೆಳೆ ಹೆಚ್ಚು.

ಕೆಂಪು ಗುಂಪಿನ ಐದು ತೂತುಗಳು ಮೂರಿಂಚು ಅಗಲಕ್ಕೆ ಚೆಲ್ಲಿದ್ದವು. ನೀಲಿ ಎರಡು. ನಳಿಗೆ ಬಿಸಿಯಾದರೆ ಗುರಿ ಅಲೆಯುತ್ತದೆ, ಅದಕ್ಕಾಗಿ ಪ್ರತಿ ಗುಂಪಿನ ನಂತರ ಇಪ್ಪತ್ತು ನಿಮಿಷ ಬಿಡುವು, ಫ್ಲಾಸ್ಕಿನ ಕಾಫಿ. ಹಸಿರು ಗುಂಪಿನ ಮೊದಲ ಮೂರು ಗುಂಡುಗಳು ಒಂದೇ ಜಾಗಕ್ಕೆ ಬಿದ್ದು ನಾಲ್ಕಾಣೆಯಿಂದ ಮುಚ್ಚಬಹುದಾದಷ್ಟು ಒಂದೇ ತೂತು ಮಾಡಿದವು. ನಾನು ಚಪ್ಪಾಳೆ ತಟ್ಟಿದೆ. ಬೀಗರು ತಟ್ಟಲಿಲ್ಲ. ‘ಮೂರನ್ನು ನಂಬಬೇಡಿ, ಮೂರು ಯಾರಿಗೂ ಬೀಳುತ್ತದೆ’ ಎಂದು ಉಳಿದೆರಡನ್ನೂ ಹೊಡೆದರು. ಗುಂಪು ಒಂದೂಕಾಲು ಇಂಚಾಯಿತು. ಮಾರನೆಯ ದಿನ ಅದೇ ಅಳತೆಯ ಇನ್ನೊಂದು ಐದು ಹೊಡೆದು, ಹೆಚ್ಚುಕಡಿಮೆ ಅಷ್ಟೇ ಬಂದ ಮೇಲೆ ನೋಟುಬುಕ್ಕಿಗೆ ಇಳಿಸಿದರು. ಎಲ್ಲಿ ಬಿದ್ದರೂ ಚಿಂತೆಯಿಲ್ಲ, ದಿನವೂ ಅಲ್ಲೇ ಬೀಳಲಿ, ಉಳಿದದ್ದನ್ನು ದುರ್ಬೀನಿನ ತಿರುಪು ನೋಡಿಕೊಳ್ಳುತ್ತದೆ ಎನ್ನುವುದು ಅವರ ವಾದ. ತಿರುಪು ತಿರುಗಿಸಿ, ನೂರು ಗಜಕ್ಕೆ ಸುಮಾರು ಎರಡಿಂಚು ಮೇಲೆ ಬೀಳುವಂತೆ ಕೂರಿಸಿದರು. ಹಾಗಿದ್ದರೆ 200 ಗಜಕ್ಕೆ ನೇರ, 300ಕ್ಕೆ ಸುಮಾರು ಎಂಟಿಂಚು ಕೆಳಗೆ.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಅಸಲು ಪರೀಕ್ಷೆ ಆಮೇಲೆ ಬಂತು. ಬೀಗರು ಮರಳುಚೀಲ ಪಕ್ಕಕ್ಕೆ ಸರಿಸಿ, ಪಿಕ್ನಿಕ್ಕಿನ ಕಾಗದದ ತಟ್ಟೆಗಳನ್ನು ಗುರಿಯ ಹಲಗೆಗೆ ಚುಚ್ಚಿ ಬಂದರು. ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶ ಸೇರಿದ ಜಾಗ ಹೆಚ್ಚುಕಡಿಮೆ ಆ ತಟ್ಟೆಯ ಅಗಲ, ಎಂಟಿಂಚು. ನೆಲಕ್ಕೆ ಕೂತು, ಮೊಣಕಾಲಿಗೆ ಮೊಣಕೈ ಊರಿ ಹೊಡೆದರು. ಮೇಜಿನ ಮೇಲೆ ಒಂದೂಕಾಲು ಇಂಚಿಗೆ ಕೂರಿಸುತ್ತಿದ್ದ ಅದೇ ಕೋವಿ, ಅದೇ ಹಸಿರು ತೋಟಾ, ಈಗ ಐದಿಂಚು. ಎದ್ದು ನಿಂತು ಹೊಡೆದಾಗ ಐದರಲ್ಲಿ ಎರಡು ತಟ್ಟೆಯ ಹೊರಗೆ. ತಟ್ಟೆ ಕಿತ್ತು ತಂದು, ಹೊರಗೆ ಬಿದ್ದ ಎರಡರ ಕಡೆ ಬೆರಳು ತೋರಿಸಿ ಹೇಳಿದರು: ‘ಇವು ಸಾಯದೆ ಓಡಿಹೋದ ಜಿಂಕೆಗಳು. ಈ ವರ್ಷ ನಿಂತು ಹೊಡೆಯುವುದಿಲ್ಲ. ಕೂತರೆ ನೂರೈವತ್ತು ಗಜ, ಅದರಾಚೆಗೆ ನೋಡಿ ಖುಷಿಪಡುವುದು.’ ನೋಟುಬುಕ್ಕಿನಲ್ಲಿ ಮದ್ದಿನ ತೂಕದ ಕೆಳಗೆ ಅದನ್ನೂ ಬರೆದರು, ತಮ್ಮ ವಯಸ್ಸಿನ ಸಮೇತ.

ಹೊರಡುವ ದಿನ ಆ ಇಪ್ಪತ್ತೊಂದನೆಯ ಕೇಸನ್ನು ನೆನಪಿಗೆಂದು ನನ್ನ ಕೈಗಿಟ್ಟರು. ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ ಅಕ್ಕನ ಮಗಳು ಹೌಹಾರಿದಳು. ‘ಮಾಮ, ಖಾಲಿಯೋ ತುಂಬಿದ್ದೋ, ಬೆಂಗಳೂರಿನ ಏರ್‌ಪೋರ್ಟಿನಲ್ಲಿ ಯಾರು ಕೇಳುತ್ತಾರೆ?’ ಅದನ್ನು ಅಲ್ಲೇ ಗ್ಯಾರೇಜಿನ ಕಿಟಕಿಯಲ್ಲಿ, ಪೆನ್ಸಿಲ್ಲುಗಳ ಪಕ್ಕ ನಿಲ್ಲಿಸಿ ಬಂದೆ.

ಸೀಸನ್ ಮುಗಿದ ಮೇಲೆ ಅವಳೇ ಫೋನ್ ಮಾಡಿದಳು. ಬೀಗರು ಐದು ದಿನ ಬೆಟ್ಟದಲ್ಲಿದ್ದರಂತೆ. ಹೆಣ್ಣುಜಿಂಕೆಗಳು ಕಂಡವು, ಹೊಡೆಯುವಂತಿಲ್ಲ. ಒಂದು ಮರಿಗಂಡು ಅರವತ್ತು ಗಜದಲ್ಲಿ ಬಂದು ನಿಂತಿತು, ಕೊಂಬು ಇನ್ನೂ ಕವಲೊಡೆದಿರಲಿಲ್ಲ, ಅದನ್ನೂ ಹೊಡೆಯುವಂತಿಲ್ಲ. ಕೊನೆಯ ಸಂಜೆ ದೊಡ್ಡ ಗಂಡೊಂದು ಎದುರಿನ ಏಣಿನ ಮೇಲೆ ಹಾದುಹೋಯಿತು. ಅಳೆದು ನೋಡಿದರೆ ಇನ್ನೂರ ನಲವತ್ತು ಗಜ. ಇಪ್ಪತ್ತು ತೋಟಾ ಒಯ್ದಿದ್ದರು, ಇಪ್ಪತ್ತೂ ವಾಪಸ್ ಬಂದವು.

‘ಬೇಜಾರಾಗಿದ್ದಾರಾ?’

‘ಬೇಜಾರೆಲ್ಲಿ ಬಂತು. ಗುಂಡು ಇನ್ನೊಂದು ಎಳೆ ಒಳಗೆ ಕೂರಬೇಕಂತೆ. ಬೆಳಗ್ಗೆಯಿಂದ ಗ್ಯಾರೇಜಿನಲ್ಲಿದ್ದಾರೆ.’