ಟಿವಿ ಗೇಮ್ ಶೋನಲ್ಲಿ 1,10,237 ಡಾಲರ್ ಗೆದ್ದ ವ್ಯಕ್ತಿ ಮೋಸ ಮಾಡಿದ್ದರೇ?

ದೊಡ್ಡದೊಂದು ಬೋರ್ಡ್, ಅದರ ಚೌಕಗಳ ಮೇಲೆ ಪಟಪಟನೆ ಹಾರುವ ಬೆಳಕು, ಎದುರಿಗೆ ಗಡ್ಡಧಾರಿ ಸ್ಪರ್ಧಿ. ಅವರು ಗುಂಡಿ ಒತ್ತಿದಾಗಲೆಲ್ಲ ಹಣ ಬರುತ್ತಲೇ ಇರುತ್ತದೆ. ಹಳೆಯ ಅಮೆರಿಕನ್ ಟಿವಿ ಕಾರ್ಯಕ್ರಮದ ಈ ವಿಡಿಯೋ ಇಂದಿಗೂ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಅದನ್ನು ನೋಡಿದವರಿಗೆ ಮೊದಲು ಬರುವ ಅನುಮಾನ, ‘ಇದರಲ್ಲಿ ಏನೋ ಮೋಸ ಇದೆ’ ಎಂಬುದು. ನಿಜವೇ? ನೋಡೋಣ.

ಯಾವುದು ಈ ಕಾರ್ಯಕ್ರಮ?

ಹೆಸರು ‘ಪ್ರೆಸ್ ಯುವರ್ ಲಕ್’. ಸಿಬಿಎಸ್ ವಾಹಿನಿಯಲ್ಲಿ 1983ರ ಸೆಪ್ಟೆಂಬರ್ 19ರಂದು ಶುರುವಾಯಿತು. ಸೋಮವಾರದಿಂದ ಶುಕ್ರವಾರದವರೆಗೆ, ಬೆಳಿಗ್ಗೆ 10.30ಕ್ಕೆ, ಅರ್ಧ ಗಂಟೆ. ಹಗಲಿನಲ್ಲಿ ಮನೆಯಲ್ಲಿರುವವರಿಗೆಂದೇ ಇದ್ದ ಸಮಯ ಅದು. ಬೋರ್ಡ್‌ನಲ್ಲಿ 18 ಚೌಕಗಳಿದ್ದವು. ಬೆಳಕು ಹಣದ ಮೇಲೆ ನಿಂತರೆ ಲಾಭ. ‘ವ್ಯಾಮಿ’ ಎಂಬ ಕೆಂಪು ಗೊಂಬೆಯ ಮೇಲೆ ನಿಂತರೆ ಅಲ್ಲಿಯವರೆಗೆ ಗಳಿಸಿದ್ದೆಲ್ಲ ಸೊನ್ನೆ.

ಗೆದ್ದದ್ದು ಹೇಗೆ?

ಓಹಿಯೋ ರಾಜ್ಯದ ಮೈಕೆಲ್ ಲಾರ್ಸನ್ ಮನೆಯಲ್ಲಿ ಕೂತು ಈ ಕಾರ್ಯಕ್ರಮವನ್ನು ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ಮತ್ತೆ ಮತ್ತೆ ನೋಡಿದರು. ಬೆಳಕು ಮನಬಂದಂತೆ ಹಾರುತ್ತಿಲ್ಲ, ಐದೇ ಐದು ನಿಗದಿತ ಕ್ರಮಗಳಲ್ಲಿ ಓಡುತ್ತಿದೆ ಎಂಬುದು ಅವರಿಗೆ ಗೊತ್ತಾಯಿತು. ಐದು ಹಾಡುಗಳನ್ನು ನೂರು ಸಲ ಕೇಳಿದವರಿಗೆ, ಶುರುವಾದ ಕೂಡಲೇ ಯಾವ ಹಾಡೆಂದು ತಿಳಿಯುವುದಿಲ್ಲವೇ? ಹಾಗೆಯೇ ಇದು. ಅಷ್ಟೇ ಅಲ್ಲ, 4 ಮತ್ತು 8ನೇ ಚೌಕಗಳಲ್ಲಿ ವ್ಯಾಮಿ ಬರುವುದೇ ಇಲ್ಲ, ಎರಡನೇ ಸುತ್ತಿನಲ್ಲಿ ಅಲ್ಲಿ ಯಾವಾಗಲೂ ಹಣದ ಜೊತೆ ಇನ್ನೊಂದು ಅವಕಾಶವೂ ಸಿಗುತ್ತದೆ ಎಂಬುದನ್ನೂ ಅವರು ಕಂಡುಕೊಂಡರು. ಅಂದರೆ ಸರಿಯಾದ ಕ್ಷಣಕ್ಕೆ ಗುಂಡಿ ಒತ್ತಿದರೆ ಆಟ ಮುಗಿಯುವುದೇ ಇಲ್ಲ!

1984ರ ಮೇ 19ರಂದು ಲಾರ್ಸನ್ ಸ್ಟುಡಿಯೋದಲ್ಲಿ ಆಡಿದರು. ಮೊದಲ ಪ್ರಯತ್ನದಲ್ಲೇ ವ್ಯಾಮಿ ಬಿತ್ತು. ಆದರೆ ಎರಡನೇ ಸುತ್ತಿನಲ್ಲಿ ಕೈ ಕುದುರಿತು. ನಗದು, ಬಹುಮಾನ ಸೇರಿ ಗೆದ್ದದ್ದು 1,10,237 ಡಾಲರ್.

ಒಂದೇ ಆಟ ಎರಡು ದಿನ ಪ್ರಸಾರವಾದದ್ದೇಕೆ?

ಆಟ ಅರ್ಧ ಗಂಟೆಯ ಕಂತಿನಲ್ಲಿ ಹಿಡಿಸಲಿಲ್ಲ. ಹಾಗಾಗಿ ಅದನ್ನು ಎರಡು ಭಾಗ ಮಾಡಿ, ಜೂನ್ 8ರ ಶುಕ್ರವಾರ ಮತ್ತು ಜೂನ್ 11ರ ಸೋಮವಾರ ತೋರಿಸಲಾಯಿತು. ಆಮೇಲೆ ಈ ಕಂತುಗಳ ಮರುಪ್ರಸಾರ ಆಗಲಿಲ್ಲ. ಪ್ರೇಕ್ಷಕರು ಇವನ್ನು ಟಿವಿಯಲ್ಲಿ ಮತ್ತೆ ನೋಡಿದ್ದು 2003ರಲ್ಲಿ, ಗೇಮ್ ಶೋ ನೆಟ್‌ವರ್ಕ್‌ನ ಸಾಕ್ಷ್ಯಚಿತ್ರದಲ್ಲಿ. ಅದರ ಹೆಸರಿನಲ್ಲೂ ‘ಹಗರಣ’ ಎಂಬ ಪದ ಇತ್ತು. ಇಷ್ಟು ವರ್ಷ ಮುಚ್ಚಿಟ್ಟದ್ದೂ, ಈ ಹೆಸರೂ ಸೇರಿ ಅನುಮಾನ ಹೆಚ್ಚಿಸಿದವು.

ಹಾಗಾದರೆ ಮೋಸವೇ?

ಅಲ್ಲ. ವಾಹಿನಿ ಪರಿಶೀಲಿಸಿತು, ನಿಯಮ ಮುರಿದದ್ದು ಕಾಣಲಿಲ್ಲ, ಹಣ ಕೊಟ್ಟಿತು. ಲಾರ್ಸನ್ ಯಂತ್ರವನ್ನು ಮುಟ್ಟಿರಲಿಲ್ಲ, ಒಳಗಿನವರ ಸಹಾಯವನ್ನೂ ಪಡೆದಿರಲಿಲ್ಲ. ಎಲ್ಲರಿಗೂ ಪ್ರತಿದಿನ ಕಾಣುತ್ತಿದ್ದುದನ್ನೇ ಗಮನವಿಟ್ಟು ನೋಡಿದ್ದರು, ಅಷ್ಟೇ. ಬಳಿಕ ವಾಹಿನಿ ಬೋರ್ಡ್‌ಗೆ ಇನ್ನಷ್ಟು ಕ್ರಮಗಳನ್ನು ಸೇರಿಸಿತು.

ಕಾರ್ಯಕ್ರಮ 1986ರ ಜನವರಿಯಲ್ಲಿ ಸಂಜೆ 4ಕ್ಕೆ ಸ್ಥಳಾಂತರವಾಯಿತು. ಆ ಹೊತ್ತಿಗೆ ಅನೇಕ ಸ್ಥಳೀಯ ಕೇಂದ್ರಗಳು ತಮ್ಮದೇ ಬೇರೆ ಕಾರ್ಯಕ್ರಮ ಹಾಕುತ್ತಿದ್ದವು. ಅದೇ ವರ್ಷ ಸೆಪ್ಟೆಂಬರ್ 26ಕ್ಕೆ ಕಾರ್ಯಕ್ರಮ ನಿಂತಿತು. 2019ರಲ್ಲಿ ಎಬಿಸಿ ವಾಹಿನಿ ಅದನ್ನು ಹೊಸದಾಗಿ ಶುರು ಮಾಡಿತು.

ನಮ್ಮ ಫೋನಿನ ಆಟದಲ್ಲೂ ಹೀಗೆ ಗೆಲ್ಲಬಹುದೇ?

ಮುಖ್ಯ ಪ್ರಶ್ನೆ ಇದು. ‘ಈ ಆ್ಯಪ್‌ನ ಪ್ಯಾಟರ್ನ್ ನಮಗೆ ಗೊತ್ತು, ಹಣ ಕಟ್ಟಿ ಗುಂಪಿಗೆ ಸೇರಿ’ ಎಂಬ ಸಂದೇಶ ನಿಮಗೆ ಬಂದರೆ, ಒಂದು ವ್ಯತ್ಯಾಸ ನೆನಪಿಡಿ. ಲಾರ್ಸನ್ ಕಣ್ಣಿಗೆ ಕಂಡ ಬೆಳಕೇ ಫಲಿತಾಂಶವನ್ನು ತೀರ್ಮಾನಿಸುತ್ತಿತ್ತು. ಆ್ಯಪ್‌ನಲ್ಲಿ ಫಲಿತಾಂಶ ಸಾಮಾನ್ಯವಾಗಿ ಎಲ್ಲೋ ದೂರದ ಸರ್ವರ್‌ನಲ್ಲಿ ತೀರ್ಮಾನವಾಗುತ್ತದೆ; ಪರದೆಯ ಮೇಲೆ ತಿರುಗುವ ಚಕ್ರ ಬರೀ ಚಿತ್ರ. ಅದನ್ನು ಎಷ್ಟು ಸಲ ನೋಡಿದರೂ ಮುಂದಿನ ಸಂಖ್ಯೆ ತಿಳಿಯದು. ಇನ್ನೊಂದು ಮಾತು: ಲಾರ್ಸನ್ ತಮಗೆ ಸಿಕ್ಕ ಗುಟ್ಟನ್ನು ಯಾರಿಗೂ ಮಾರಲು ಹೋಗಲಿಲ್ಲ, ತಾವೇ ಹೋಗಿ ಆಡಿದರು. ಗೆಲ್ಲುವ ದಾರಿ ನಿಜಕ್ಕೂ ಗೊತ್ತಿರುವವರು ಅದನ್ನು ನಿಮಗೆ ಐನೂರು ರೂಪಾಯಿಗೆ ಏಕೆ ಕೊಡುತ್ತಾರೆ?

ಇಂಥ ಗುಂಪಿಗೆ ಈಗಾಗಲೇ ಹಣ ಕಟ್ಟಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಗೆ

ಲಾರ್ಸನ್ ಗೆದ್ದ ಹಣವೂ ಉಳಿಯಲಿಲ್ಲ. ಒಂದಷ್ಟು ಹೂಡಿಕೆಯಲ್ಲಿ ಹೋಯಿತು. ಮನೆಯಲ್ಲಿಟ್ಟಿದ್ದ ಸಾವಿರಾರು ಡಾಲರ್ ಕಳವಾಯಿತು. 1999ರಲ್ಲಿ ಅವರು ತೀರಿಕೊಂಡರು. ಮುಂದಿನ ಸಲ ಆ ವಿಡಿಯೋ ನಿಮ್ಮ ಗುಂಪಿಗೆ ಬಂದರೆ, ‘ಮೋಸಗಾರ’ ಎಂಬ ಪದ ಸೇರಿಸಿ ಕಳಿಸುವ ಮುನ್ನ ಇದನ್ನೂ ಜೊತೆಗೆ ಕಳಿಸಿ.