ಎಷ್ಟು ಸಲ? ಎಲ್ಲಿಯ ತನಕ?

ಜಾವಾಸ್ಕ್ರಿಪ್ಟ್ ಕಲಿಯಲು ಬರುವ ಮಕ್ಕಳಿಗೆ ನಾನು ಮೊದಲು ಕೊಡುವುದು ಎರಡು ಲೆಕ್ಕ. ಒಂದು, ಹದಿನೇಳರ ಮಗ್ಗಿಯನ್ನು ಕಂಪ್ಯೂಟರಿನಿಂದ ಬರೆಸುವುದು. ಇನ್ನೊಂದು, ಜರ್ಮನಿಯ ಗಣಿತಜ್ಞ ಲೋಥರ್ ಕೊಲಾಟ್ಸ್ ಹೆಸರಿನ ಲೆಕ್ಕ. ಯಾವುದಾದರೂ ಧನ ಪೂರ್ಣಾಂಕ ತೆಗೆದುಕೊಳ್ಳಿ. ಸಮವಾದರೆ ಅರ್ಧ ಮಾಡಿ, ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡಿ. 1 ಬರುವ ತನಕ ಹೀಗೇ ಮಾಡುತ್ತಿರಿ.

ಮಗ್ಗಿಗೆ ಹತ್ತೇ ಸಾಲು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆದೇಶವೇ ಲೂಪ್; ಇಂಥ ಎಣಿಕೆಯ ಕೆಲಸಕ್ಕೆ ಫಾರ್ ಲೂಪ್ ಹೇಳಿ ಮಾಡಿಸಿದ್ದು. ಅದರ ಆವರಣದಲ್ಲಿ ಮೂರು ಭಾಗ: ಎಣಿಕೆ 1ರಿಂದ ಶುರು, 10 ಮೀರದಿರುವ ತನಕ, ಸುತ್ತಿಗೊಂದು ಹೆಚ್ಚು. ಎಣಿಕೆಯ ಪೂರ್ತಿ ವಿವರ ಒಂದೇ ಸಾಲಿನಲ್ಲಿ ಸಿಗುತ್ತದೆ.

ಕೊಲಾಟ್ಸ್ ಲೆಕ್ಕದಲ್ಲಿ 16ರಿಂದ ಹೊರಟರೆ ನಾಲ್ಕೇ ಹೆಜ್ಜೆ. 27ರಿಂದ ಹೊರಟರೆ 9232ರ ತನಕ ಏರಿ, 111 ಹೆಜ್ಜೆಗೆ 1ಕ್ಕೆ ಇಳಿಯುತ್ತದೆ. ಯಾವ ಸಂಖ್ಯೆಯಿಂದ ಹೊರಟರೂ 1 ಬಂದೇ ಬರುತ್ತದೆಂದು ಇನ್ನೂ ಯಾರೂ ಸಾಧಿಸಿ ತೋರಿಸಿಲ್ಲ. ಎಷ್ಟು ಸುತ್ತು ಎಂದು ಮೊದಲೇ ತಿಳಿಯದ ಇಂಥ ಕಡೆ ಬೇಕಾದ್ದು ವೈಲ್ ಲೂಪ್. ಅದರ ಆವರಣದಲ್ಲಿರುವುದು ಷರತ್ತು ಮಾತ್ರ: ಸಂಖ್ಯೆ 1 ಆಗದಿರುವ ತನಕ.

ಮಗ್ಗಿಯನ್ನು ವೈಲ್‌ನಲ್ಲೂ ಬರೆಯಬಹುದು. "ಹಾಗಾದರೆ ಎರಡು ಯಾಕೆ ಮೇಡಂ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆಗ ನಾನು ಐದನೇ ಸಾಲು ಬಿಟ್ಟು ಬರೆಸಲು ಹೇಳುತ್ತೇನೆ. ಒಂದು ಸುತ್ತನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗಲು ಕಂಟಿನ್ಯೂ ಎಂಬ ಆದೇಶವಿದೆ. ಫಾರ್‌ನಲ್ಲಿ ಕಂಟಿನ್ಯೂ ಬಂದರೂ ಎಣಿಕೆ ತಪ್ಪದೆ 6 ಆಗುತ್ತದೆ. ವೈಲ್‌ನಲ್ಲಿ ಎಣಿಕೆ ಏರಿಸುವ ಸಾಲನ್ನು ನಾವೇ ಬರೆಯಬೇಕು. ಮಕ್ಕಳು ಅದನ್ನು ಸಾಮಾನ್ಯವಾಗಿ ಕೊನೆಯಲ್ಲಿ ಇಡುತ್ತಾರೆ. ಕಂಟಿನ್ಯೂ ಆ ಸಾಲನ್ನು ಮುಟ್ಟದೆ ನೇರ ಷರತ್ತಿಗೆ ಮರಳುತ್ತದೆ. ಎಣಿಕೆ 5ರಲ್ಲೇ ನಿಲ್ಲುತ್ತದೆ, ಲೂಪ್ ಮುಗಿಯುವುದೇ ಇಲ್ಲ. ಕೋಡ್ ಓಡುತ್ತಿರುವ ವೆಬ್ ಪುಟದ ಬಟನ್ ಒತ್ತಿದರೂ ಪ್ರಯೋಜನವಿಲ್ಲ. ಬ್ರೌಸರಿನಲ್ಲಿ ಪುಟದ ಜಾವಾಸ್ಕ್ರಿಪ್ಟ್ ಒಂದು ಹೊತ್ತಿಗೆ ಒಂದೇ ಕೆಲಸ ಮಾಡುವುದರಿಂದ, ಲೂಪ್ ಮುಗಿಯದೆ ಬಟನ್ನಿನ ಸರದಿ ಬರುವುದಿಲ್ಲ.

ಜಾವಾಸ್ಕ್ರಿಪ್ಟಿನ 2015ರ ಆವೃತ್ತಿಯಲ್ಲಿ ಫಾರ್-ಆಫ್ ಎಂಬ ಇನ್ನೊಂದು ಲೂಪ್ ಕೂಡ ಬಂತು. ಪಟ್ಟಿಯಲ್ಲಿರುವ ಒಂದೊಂದನ್ನೇ ಅದು ತಾನಾಗಿ ಎತ್ತಿಕೊಡುತ್ತದೆ, ಎಣಿಸುವ ಗೋಜೇ ಇಲ್ಲ.

ಯಂತ್ರಕ್ಕೆ ಯಾವ ಲೂಪಾದರೂ ಒಂದೇ. ಆದರೆ ನಾಳೆ ಆ ಕೋಡ್ ಓದಿ ತಿದ್ದುವವರು ಮನುಷ್ಯರು. ಫಾರ್ ಕಂಡರೆ ಅವರು ಮೊದಲ ಸಾಲಲ್ಲೇ ಲೆಕ್ಕ ಹಿಡಿಯುತ್ತಾರೆ. ವೈಲ್ ಕಂಡರೆ ಒಳಗೆಲ್ಲ ಹುಡುಕಬೇಕು. ಅದಕ್ಕೇ ನನ್ನ ತರಗತಿಯಲ್ಲಿ ಒಂದು ಕಟ್ಟುನಿಟ್ಟು: ವೈಲ್ ಬರೆದವರು ಅದನ್ನು ಓಡಿಸುವ ಮೊದಲು, ಷರತ್ತನ್ನು ಸುಳ್ಳಾಗಿಸುವ ಸಾಲು ಯಾವುದೆಂದು ಬೆರಳಿಟ್ಟು ತೋರಿಸಬೇಕು.